ದಿಬ್ಬದ ಮೇಲಿನ ಬಿಳಿ ಹೂ

ಫ್ಯಾಂಟಸಿ ಕಾದಂಬರಿಗಳಲ್ಲಿ ಬರುವ ಗಿಡಮರಗಳ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ ಅಂದರೆ ನಮ್ಮೂರಲ್ಲಿ ನಗುತ್ತಾರೆ. ಒಕ್ಕಲುತನದ ಮನೆಯ ಹುಡುಗ ಇಲ್ಲದ ಹೂವಿನ ಬಗ್ಗೆ ವರ್ಷಗಟ್ಟಲೆ ಓದಿದರೆ ನಗು ಬರುವುದೇ. ಅಪ್ಪ ಮಾತ್ರ ನಗುತ್ತಿರಲಿಲ್ಲ. ಫೋನು ಮಾಡಿದಾಗಲೆಲ್ಲ, ‘ಆ ಹೂವಿನ ಹೆಸರ ಏನಂದಿ?’ ಎಂದು ಕೇಳುತ್ತಿದ್ದ.

ಹೆಸರು ಸಿಂಬೆಲ್‌ಮಿನೆ. ಜೆ.ಆರ್.ಆರ್. ಟೋಲ್ಕಿನ್ ಬರೆದ, 1954ರಲ್ಲಿ ಬಂದ ‘ದಿ ಟೂ ಟವರ್ಸ್’ನಲ್ಲಿ ಅದು ಕಾಣಿಸುತ್ತದೆ. ಬಿಳಿ ಬೆಟ್ಟಗಳ ತಪ್ಪಲಲ್ಲಿ ಎಡೊರಾಸ್ ಎಂಬ ರಾಜಧಾನಿ. ಅಲ್ಲಿಗೆ ಹೋಗುವ ದಾರಿಯ ಎಡಕ್ಕೆ 7, ಬಲಕ್ಕೆ 9 ದಿಬ್ಬಗಳು, ರೋಹನ್ ನಾಡಿನ ಅರಸರ ಸಮಾಧಿಗಳು. ಅವುಗಳ ಹುಲ್ಲಿನಲ್ಲಿ ಪುಟ್ಟ ಬಿಳಿ ಹೂಗಳು ಚುಕ್ಕಿಗಳ ಹಾಗೆ ಮಿನುಗುತ್ತವೆ. ಎಲ್ಲ ಋತುಗಳಲ್ಲೂ ಅರಳುತ್ತವೆ, ಸತ್ತವರು ಮಲಗಿದ ಕಡೆ ಬೆಳೆಯುತ್ತವೆ. ಭೀಕರ ಚಳಿಗಾಲವೊಂದರಲ್ಲಿ ತೀರಿಕೊಂಡ ಹೆಲ್ಮ್ ಎಂಬ ಅರಸನ ದಿಬ್ಬದ ಮೇಲೆ ಎಷ್ಟು ದಟ್ಟವಾಗಿ ಬೆಳೆದವೆಂದರೆ, ಅದು ಹಿಮ ಹೊದ್ದಂತೆ ಕಾಣುತ್ತಿತ್ತಂತೆ.

ನಮ್ಮ ಸಂಜೀವಿನಿಯ ಹಾಗೆ ಈ ಹೂ ಯಾರನ್ನೂ ಎಬ್ಬಿಸುವುದಿಲ್ಲ. ಗಾಯ ಮಾಯಿಸುವುದಿಲ್ಲ. ಯಾವ ವೀರನೂ ಇದನ್ನು ಹುಡುಕಿಕೊಂಡು ಬೆಟ್ಟ ಹತ್ತುವುದಿಲ್ಲ. ಅದು ಅನಿಮೊನಿ ಹೂವಿನದೇ ಒಂದು ಕಲ್ಪಿತ ಬಗೆ ಎಂದು ಟೋಲ್ಕಿನ್ ಬರೆದಿದ್ದಾನೆ. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದವನು. ಹೆಸರನ್ನೂ ಆ ಭಾಷೆಯಿಂದಲೇ ಕಟ್ಟಿದ. ಸಿಂಬೆಲ್ ಅಂದರೆ ಯಾವಾಗಲೂ, ಮಿನೆ ಅಂದರೆ ನೆನಪು.

ಇದನ್ನು ಕನ್ನಡಕ್ಕೆ ತರಲು ತಿಂಗಳುಗಟ್ಟಲೆ ಒದ್ದಾಡಿದೆ. ‘ನಿತ್ಯಸ್ಮೃತಿ’ ಅಂದರೆ ಮಠದ ಪತ್ರಿಕೆಯ ಹೆಸರಿನಂತಿತ್ತು. ‘ಮರೆಯದ ಹೂ’ ಸಿನಿಮಾ ಹಾಡಿನಂತಿತ್ತು. ಅದೇ ಹೊತ್ತಿಗೆ ಅಪ್ಪ ತೀರಿಕೊಂಡ. ನಾನು ದೂರದ ಊರಿನ ಸೆಮಿನಾರಿನಲ್ಲಿದ್ದೆ. ಹಾವೇರಿಯಲ್ಲಿ ಬಸ್ಸಿಳಿದು ಹೊಲ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುಖ ನೋಡಲಿಲ್ಲ.

ವರ್ಷದ ಕಾರ್ಯಕ್ಕೆ ಹೋದಾಗ ಮಳೆಗಾಲ ಮುಗಿದಿತ್ತು. ಗದ್ದುಗೆಯ ಮೇಲೆಲ್ಲ ಕಳೆ. ವರ್ಷವಿಡೀ ಬಾರದ ತಪ್ಪಿಗೆ ಎನ್ನುವಂತೆ ಕೂತು ಕೀಳತೊಡಗಿದೆ. ಹಿಂದಿನಿಂದ ಅವ್ವ, ‘ಕೀಳಬ್ಯಾಡೋ, ತುಂಬಿ ಹೂ ಅದು, ಶಿವನ ಹೂ’ ಅಂದಳು. ಕೈ ನಿಂತಿತು. ಬೆರಳ ತುದಿಯಷ್ಟೂ ಇಲ್ಲದ ಬಿಳಿ ಹೂಗಳು, ದಿಬ್ಬದ ತುಂಬ. ಯಾರೂ ಬಿತ್ತಿದ್ದಲ್ಲ. ‘ನೀ ಇಲ್ಲದಾಗ ಇವು ಇದ್ವು’ ಎಂದಳು. ಬೈದಳೋ ಸಮಾಧಾನ ಮಾಡಿದಳೋ, ಇವತ್ತಿಗೂ ತಿಳಿದಿಲ್ಲ.

ತುಂಬೆ ಎಲ್ಲ ಋತುಗಳಲ್ಲೂ ಅರಳುವುದಿಲ್ಲ. ಬೇಸಿಗೆಯಲ್ಲಿ ಹೋದರೆ ಒಣಗಿದ ಕಡ್ಡಿ ಮಾತ್ರ. ಹಾಗಾಗಿ ಅನುವಾದಕ್ಕೆ ಆ ಹೆಸರನ್ನು ಬಳಸಲಿಲ್ಲ. ಪ್ರಬಂಧದಲ್ಲಿ ಸಿಂಬೆಲ್‌ಮಿನೆ ಎಂದೇ ಉಳಿಸಿದ್ದೇನೆ. ಅಪ್ಪನಿಗೆ ಪ್ರತಿ ಸಲ ಹೇಳುತ್ತಿದ್ದ ಹೆಸರು ಅದೇ.