ಸೆರೆಂಗೆಟಿಗೆ ಮೊದಲು ಚಂದ್ರಂಪಳ್ಳಿ

“ಆಫ್ರಿಕಾಕ್ಕ ಹೋಗ್ಲಿಕ್ಕ ಎಷ್ಟು ರೊಕ್ಕ ಬೇಕ್ರಿ ಸರ್?”

ಒಂಬತ್ತನೆಯ ತರಗತಿಗೆ ಆಹಾರ ಸರಪಳಿಯ ಪಾಠ ಮುಗಿಸಿ ಕರಿಹಲಗೆ ಒರೆಸುತ್ತಿದ್ದಾಗ ಬಂದ ಪ್ರಶ್ನೆ ಇದು. ಕೇಳಿದವಳು ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಸೆರೆಂಗೆಟಿಯ ಸಿಂಹಗಳನ್ನು ನೋಡಿ ಬಂದಿದ್ದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಸುಣ್ಣದ ಕಡ್ಡಿ ಹಿಡಿದು ಅದನ್ನೇ ಒಂದು ಲೆಕ್ಕವೆಂದು ಬಿಡಿಸತೊಡಗಿದೆ.

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಮೂಲ ಅರಬ್ಬಿಯ ‘ಸಫರ್’. ನಮ್ಮ ಸುಲೇಪೇಟದ ಸಂತೆಯಲ್ಲಿ ಈ ಮಾತು ಯಾರಿಗೆ ತಿಳಿಯದು? ಸಫರ್ ಎಂದರೆ ಪ್ರಯಾಣ, ಅಷ್ಟೇ. ಆದರೆ ಸೆರೆಂಗೆಟಿಯ ಪ್ರಯಾಣಕ್ಕೆ ರೊಕ್ಕಕ್ಕಿಂತ ಮೊದಲು ಮಳೆಯ ಲೆಕ್ಕ ಬೇಕು. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಬಯಲು 14,763 ಚದರ ಕಿಲೋಮೀಟರಿನಷ್ಟು ಹರಡಿದೆ. ಅಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ವೈಲ್ಡ್‌ಬೀಸ್ಟ್‌ಗಳು ಮಳೆ ಬಿದ್ದು ಹುಲ್ಲು ಚಿಗುರಿದ ಕಡೆ ಸಾಗುತ್ತಲೇ ಇರುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಜುಲೈಯಿಂದ ಅಕ್ಟೋಬರ್ ನಡುವೆ ಉತ್ತರದ ಮಾರಾ ನದಿಯನ್ನು ದಾಟುತ್ತವೆ. ನಮ್ಮ ಬೇಸಿಗೆ ರಜೆ ಇದೆಯೆಂದು ಏಪ್ರಿಲ್‌ನಲ್ಲಿ ಹೊರಟರೆ ಅಲ್ಲಿ ದೊಡ್ಡ ಮಳೆಗಾಲ. ದಾರಿಯೆಲ್ಲ ಕೆಸರು. ಕೆನ್ಯಾದ ಮೂಲಕ ಹೋಗುವುದಾದರೆ ಕನಿಷ್ಠ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಇನ್ನು ಖರ್ಚು ಲಕ್ಷಗಳಲ್ಲಿ. ಅಲ್ಲಿಗೆ ಹುಡುಗಿಯ ಮುಖ ಬಾಡಿತು.

ಆಗ ನೆನಪಾದದ್ದು ನಮ್ಮ ತಾಲೂಕಿನ ಕಾಡು. ಚಿಂಚೋಳಿಯ ಅರಣ್ಯ 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರ ವಿಸ್ತಾರ 134.88 ಚದರ ಕಿಲೋಮೀಟರ್. ಸೆರೆಂಗೆಟಿಯ ನೂರರಲ್ಲಿ ಒಂದು ಪಾಲೂ ಆಗದು. ಆದರೂ ಇಲ್ಲಿ ಕೃಷ್ಣಮೃಗವಿದೆ, ಕೊಂಡಕುರಿಯಿದೆ, ತೋಳ, ಕತ್ತೆಕಿರುಬ, ನರಿಗಳಿವೆ. ನಡುವೆ ಚಂದ್ರಂಪಳ್ಳಿಯ ಜಲಾಶಯವಿದೆ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ಧುಮುಕುತ್ತದೆ.

ಮುಂದಿನ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೊರಟೆ. ತಪ್ಪು ನನ್ನದೇ. ನಾವು ಕಾಡು ಮುಟ್ಟಿದಾಗ ಹನ್ನೊಂದು ಗಂಟೆ. ಬಿಸಿಲು ನೆತ್ತಿಗೇರುತ್ತಿತ್ತು. ಹುಡುಗರು ಹಾಡುತ್ತ, ಕೂಗುತ್ತ ನಡೆದರು. ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಒಂದು ಕಾಜಾಣ, ಎರಡು ಗೌಜಲಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ. “ಇಲ್ಲಿ ಏನೂ ಇಲ್ಲ” ಎಂದು ಮಕ್ಕಳು ತೀರ್ಮಾನಿಸಿದರು. ಸೆರೆಂಗೆಟಿಗೆ ಅಷ್ಟೆಲ್ಲ ಲೆಕ್ಕ ಹಾಕಿದವನು ಮನೆಯ ಹಿಂದಿನ ಕಾಡಿಗೆ ಯಾವ ಲೆಕ್ಕವನ್ನೂ ಹಾಕಿರಲಿಲ್ಲ.

ಮರಳುವಾಗ, ಕೊನೆಯ ಬೆಂಚಿನ ಹುಡುಗನೊಬ್ಬ ಮೆಲ್ಲನೆ ಪಕ್ಕಕ್ಕೆ ಬಂದ. ಕುರಿ ಕಾಯುವವರ ಮನೆಯವನು. ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ.

“ಇಷ್ಟೊತ್ತಿಗಿ ಏನೂ ಕಾಣಂಗಿಲ್ರಿ ಸರ್. ಹೊತ್ತು ಹುಟ್ಟೂದ್ರಾಗ ನೀರಿನ ದಂಡಿಗಿ ಇರಬೇಕ್ರಿ. ಗಾಳಿ ನಮ್ಮ ಮಾರಿಗಿ ಬಡೀಬೇಕ್ರಿ.”

ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸಿದರೆ ನಮ್ಮ ವಾಸನೆ ಪ್ರಾಣಿಗಳಿಗೆ ಮೊದಲೇ ತಲುಪುತ್ತದೆ. ಇದನ್ನು ಅವನಿಗೆ ನಾನು ಕಲಿಸಿರಲಿಲ್ಲ.

ಎರಡನೆಯ ಸಲ ಯೋಜನೆ ಅವನದು. ತಿಂಗಳು ಜನವರಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಹಿಂದಿನ ರಾತ್ರಿ ಚಿಂಚೋಳಿಯಲ್ಲಿ ಉಳಿದು, ಹನ್ನೆರಡೇ ಮಕ್ಕಳೊಡನೆ ನಸುಕಿಗೆ ಹೊರಟೆವು. ಕಾಡಿನ ಸಿಬ್ಬಂದಿಯೊಬ್ಬರು ಜೊತೆಗಿದ್ದರು. ನೀರಿನಂಚಿನ ಕೆಸರಿನಲ್ಲಿ ನಾಯಿಯ ಹೆಜ್ಜೆಯಂಥ ಗುರುತು. ಉಗುರಿನ ಮೊನೆಗಳೂ ಮೂಡಿದ್ದವು. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತವೆ, ಆದ್ದರಿಂದ ಇದು ಚಿರತೆಯಲ್ಲ ಎಂದೆ. “ತ್ವಾಳರಿ” ಎಂದ ಹುಡುಗ. ಸಿಬ್ಬಂದಿಯೂ ತಲೆಯಾಡಿಸಿದರು. ಸ್ವಲ್ಪ ದೂರದಲ್ಲಿ ಸುಣ್ಣದಂತೆ ಬೆಳ್ಳಗಿನ ಲದ್ದಿ ಬಿದ್ದಿತ್ತು. ಕತ್ತೆಕಿರುಬ ಎಲುಬನ್ನೂ ಅಗಿದು ಜೀರ್ಣಿಸಿಕೊಳ್ಳುತ್ತದೆ. ಆ ಬಿಳುಪು ಎಲುಬಿನ ಕ್ಯಾಲ್ಸಿಯಂನದು. ಆಹಾರ ಸರಪಳಿಯ ಪಾಠ ಅಲ್ಲಿ ನೆಲದ ಮೇಲೆಯೇ ಬಿದ್ದಿತ್ತು.

ಹೊತ್ತೇರುವಾಗ ಕಾಡಂಚಿನ ಬಯಲಿನಲ್ಲಿ ಏಳು ಕೃಷ್ಣಮೃಗಗಳು. ಒಂದು ಗಂಡು, ತಿರುಚಿದ ಕೋಡು. ಮಕ್ಕಳು ಉಸಿರು ಬಿಗಿಹಿಡಿದರು. ಗಂಟೆಗೆ 80 ಕಿಲೋಮೀಟರಿನ ಸನಿಹದ ಓಟ ಅದರದು. ಅದನ್ನು ಬೆನ್ನಟ್ಟುತ್ತಿದ್ದ ಚೀತಾ ನಮ್ಮ ದೇಶದಿಂದ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಆಫ್ರಿಕಾದ ನಮೀಬಿಯಾದಿಂದ ಚೀತಾಗಳನ್ನು ತರಿಸಬೇಕಾಯಿತು. ಕಳೆದುಕೊಂಡದ್ದನ್ನು ಮತ್ತೆ ತರುವುದು ಎಷ್ಟು ಕಷ್ಟವೆಂದು ಮಕ್ಕಳಿಗೆ ಹೇಳಿದೆ.

ತೋಳ ಮಾತ್ರ ಕಾಣಲಿಲ್ಲ. ದೇಶದಲ್ಲೆಲ್ಲ ಸೇರಿ ತೋಳಗಳು ಮೂರು ಸಾವಿರದಷ್ಟಿವೆ ಎಂಬುದು 2022ರಲ್ಲಿ ಪ್ರಕಟವಾದ ಅಂದಾಜು. ಅದೇ ವರ್ಷದ ಗಣತಿಯ ಸರಾಸರಿಯಂತೆ ಹುಲಿಗಳು 3,682. ಹುಲಿಯ ಹೆಸರಿನಲ್ಲಿ ದೊಡ್ಡ ಕಾಡುಗಳನ್ನೇ ಕಾಯುತ್ತೇವೆ. ತೋಳ ಬಾಳುವ ಹುಲ್ಲುಗಾವಲನ್ನು ಬೀಳು ನೆಲವೆಂದು ಕರೆದು ಉತ್ತುಬಿಡುತ್ತೇವೆ.

“ನಿಮ್ಮ ಕುರಿ ಒಯ್ದಿದೆಯೇನೋ?” ಎಂದು ಹುಡುಗನನ್ನು ಕೇಳಿದೆ.

“ಮರಿ ಒಯ್ದಾವ್ರಿ. ಅವತ್ತ ನಮ್ಮಪ್ಪ ಊಟ ಮಾಡಲಿಲ್ರಿ. ಆದ್ರ ತ್ವಾಳಕ್ಕ ವಿಷ ಇಟ್ಟಿಲ್ರಿ.”

ಉಳಿದ ಮಕ್ಕಳು ಅವನನ್ನು ನೋಡಿದ ರೀತಿಯೇ ಅಂದು ಬದಲಾಯಿತು.

ಪಾಲಕರಿಗೆ ನನ್ನದೊಂದು ವಿನಂತಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ದಿನ ಮಕ್ಕಳನ್ನು ಈ ಕಾಡಿಗೆ ಕರೆದೊಯ್ಯಿರಿ. ಬೇಸಿಗೆಯಲ್ಲಿ ಪ್ರಾಣಿಗಳು ನೀರಿಗೆ ಬರುವುದು ನಿಜ. ಆದರೆ ಬಿಸಿಲು ನಾಲ್ವತ್ತು ಡಿಗ್ರಿ ದಾಟುತ್ತದೆ, ಮಕ್ಕಳು ತಡೆಯಲಾರರು. ಅನುಮತಿಯನ್ನು ಮೊದಲೇ ಪಡೆಯಿರಿ. ಮಣ್ಣಿನ ಬಣ್ಣದ ಬಟ್ಟೆ, ನೀರು, ಒಂದು ನೋಟುಬುಕ್ಕು ಸಾಕು. ಪ್ಲಾಸ್ಟಿಕ್ಕು, ಗದ್ದಲ ಬೇಡ. ಏನೂ ಕಾಣದಿದ್ದರೆ ನೆಲ ನೋಡಿರಿ, ಅಲ್ಲಿ ಹೆಜ್ಜೆಗಳಿರುತ್ತವೆ.

ಆ ಹುಡುಗಿ ಮುಂದೊಮ್ಮೆ ಸೆರೆಂಗೆಟಿಗೂ ಹೋಗಲಿ ಎಂಬುದು ನನ್ನ ಆಸೆ. ಆಗ ಜೀಪಿನಲ್ಲಿ ಕುಳಿತವರೆಲ್ಲ ಸಿಂಹ ಹುಡುಕುತ್ತಿದ್ದರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅವಳು ಮೊದಲು ನೋಡುವಳು.