ಬ್ರೇಕ್ ಮತ್ತು ತವಕ್ಕುಲ್

ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ನನ್ನ ಓಡಾಟವೆಲ್ಲ ಹಳೆಯ ಬೈಕಿನಲ್ಲಿ. ಈಚೆಗೆ ಒಂದು ದಿನ, ಹಿಂದಿನ ಬ್ರೇಕನ್ನು ಪೂರ್ತಿ ತುಳಿದರೂ ಗಾಡಿ ತಡವಾಗಿ ನಿಂತಿತು. ದ್ರಾಕ್ಷಿ ಹೊತ್ತ ವಾಹನಗಳು ಓಡಾಡುವ ರಸ್ತೆಯಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವವನಿಗೆ ಇದು ಸಣ್ಣ ಮಾತಲ್ಲ. ಅಂದೇ ಮಿಸ್ತ್ರಿಯ ಬಳಿಗೆ ಹೋದೆ.

ರಾಡಿನ ತುದಿಯ ನಟ್ ಬಿಗಿ ಮಾಡಿದರೆ ಸಾಲದೇ ಎಂದು ಕೇಳಿದೆ. “ನಟ್ ತಿರುವಿದರ ಪೆಡಲ್ ಬಿಗಿ ಆಗ್ತದ ಭಾಯಿ, ಸವೆದ ಲೈನಿಂಗ್ ಹೊಸದಾಗಂಗಿಲ್ಲ” ಎಂದು ಅವರು ಚಕ್ರ ಕಳಚಿದರು. ಡ್ರಮ್ಮಿನೊಳಗಿನ ಎರಡೂ ಶೂಗಳ ಲೈನಿಂಗ್ ತೀರ ತೆಳುವಾಗಿತ್ತು. ಧೂಳು ಒರೆಸಿ, ಲೈನಿಂಗಿಗೆ ತಗುಲದಂತೆ ಕ್ಯಾಮಿಗೆ ತುಸು ಗ್ರೀಸ್ ಹಚ್ಚಿ, ಹೊಸ ಶೂ ಕೂಡಿಸಿದರು. ಬಳಿಕವೇ ನಟ್ ತಿರುವಿ, ಪೆಡಲಿಗೆ 2–3 ಸೆಂ.ಮೀ. ಆಟ ಬಿಟ್ಟು, ಚಕ್ರ ಸಲೀಸಾಗಿ ತಿರುಗುವುದನ್ನು ಪರೀಕ್ಷಿಸಿದರು.

ಒಂಟೆಯನ್ನು ಕಟ್ಟದೆಯೇ ಅಲ್ಲಾಹನ ಮೇಲೆ ಭರವಸೆ ಇಡಬಹುದೇ ಎಂದು ವಿಚಾರಿಸಿದವರಿಗೆ, ಮೊದಲು ಅದನ್ನು ಕಟ್ಟುವಂತೆ ಪ್ರವಾದಿವರ್ಯರು(ಸ) ಕಲಿಸಿದ್ದು ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ. ತವಕ್ಕುಲ್ ಎಂದರೆ ಪ್ರಯತ್ನವನ್ನು ಕೈಬಿಡುವುದಲ್ಲ. ಪ್ರಯತ್ನ ಮುಗಿಸಿ ಫಲಿತಾಂಶವನ್ನು ಅಲ್ಲಾಹನಿಗೆ ಒಪ್ಪಿಸುವುದು.

ಕಟ್ಟದ ಒಂಟೆ ಕಳೆದುಹೋದರೆ ನಷ್ಟ ಬಹುಮಟ್ಟಿಗೆ ಒಡೆಯನದು. ನಿಲ್ಲದ ಬೈಕಿನ ಬೆಲೆ ತೆರುವವರು ಮಾತ್ರ ರಸ್ತೆ ದಾಟುತ್ತಿರುವ ಅಪರಿಚಿತರೂ ಆಗಬಹುದು. ಅವರ ಪ್ರಾಣವೂ ಸವಾರನ ಕೈಯಲ್ಲಿರುವ ಅಮಾನತ್. ಅದರ ಲೆಕ್ಕವನ್ನು ನಾಳೆ ಅಲ್ಲಾಹನ ಮುಂದೆ ಒಪ್ಪಿಸಬೇಕು. ಆದ್ದರಿಂದ ಪ್ರಯಾಣದ ದುಆ ಹೇಳುವ ನಾಲಗೆಯೊಂದಿಗೆ, ಹೊರಡುವ ಮುನ್ನ ಬ್ರೇಕ್ ಪರೀಕ್ಷಿಸುವ ಪಾದವೂ ಇರಲಿ.