ಅಣಬೆ: ಆಹಾರವೋ, ಔಷಧವೋ?

ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದುಬಂದ ಮೇಲೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಭತ್ತದ ಬೇಸಾಯ ಹೆಚ್ಚಿತು. ರೂಪನಗುಡಿಯ ಆಸುಪಾಸಿನ ರೈತನಿಗೆ ಸುಗ್ಗಿಯ ತರುವಾಯ ಉಳಿಯುವ ನೆಲ್ಲುಹುಲ್ಲು ದನಕರುಗಳ ಮೇವು. ಮಿಕ್ಕುದು ಎಷ್ಟೋ ವೇಳೆ ಬೆಂಕಿಗೆ ಆಹುತಿ. ಅದೇ ಹುಲ್ಲನ್ನು ಕತ್ತರಿಸಿ ನೆನೆಸಿ, ಬಿಸಿನೀರಿನಲ್ಲಿ ಶುದ್ಧಿಗೊಳಿಸಿ, ಅಣಬೆಬೀಜದೊಡನೆ ಚೀಲದಲ್ಲಿ ತುಂಬಿಟ್ಟರೆ ಕೆಲವೇ ವಾರಗಳಲ್ಲಿ ಚಿಪ್ಪಣಬೆ ಅರಳುತ್ತದೆ. ಬಿಸಿಲಸೀಮೆಯ ಕಾವನ್ನು ತಾಳಬಲ್ಲ ಹಾಲಣಬೆಯೂ ಉಂಟು.

ಇಂತಹ ಅಣಬೆಗಳಿಗೆ ಇಂದು ಔಷಧವೆಂಬ ಕೀರ್ತಿಯೂ ಪ್ರಾಪ್ತವಾಗಿದೆ. ಕಬ್ಬಿಣ ತುಕ್ಕು ಹಿಡಿಯುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಉತ್ಕರ್ಷಣದ ಫಲ. ದೇಹದೊಳಗೂ ಉಸಿರಾಟದ ಜೊತೆಯಲ್ಲೇ ಇಂತಹ ಕ್ರಿಯೆ ನಡೆದು ಜೀವಕೋಶಗಳಿಗೆ ಹಾನಿಯುಂಟಾಗಬಹುದು. ಅದನ್ನು ತಡೆಯುವ ಗುಣ ಅಣಬೆಯ ಫೀನಾಲುಗಳಲ್ಲಿಯೂ ಎರ್ಗೊಥಯೊನೀನ್ ಎಂಬ ವಸ್ತುವಿನಲ್ಲಿಯೂ ಕಂಡುಬಂದಿದೆ. 1909ರಲ್ಲಿ ಫ್ರಾನ್ಸಿನ ಷಾರ್ಲ್ ತಾನ್ರೆ ಈ ವಸ್ತುವನ್ನು ಧಾನ್ಯಕ್ಕೆ ತಗಲುವ ಒಂದು ಶಿಲೀಂಧ್ರದಿಂದ ಬೇರ್ಪಡಿಸಿದನು. ಮಾನವದೇಹವು ಇದನ್ನು ತಾನಾಗಿ ತಯಾರಿಸಲಾರದು. ಆದರೂ ಆಹಾರದಿಂದ ಬಂದುದನ್ನು ಕೋಶದೊಳಕ್ಕೆ ಒಯ್ಯುವ ಪ್ರೋಟೀನೊಂದು ದೇಹದಲ್ಲಿದೆಯೆಂಬುದು 2005ರಲ್ಲಿ ತಿಳಿದುಬಂದಿತು.

ಈ ಗುಣವನ್ನು ಅಳೆಯುವ ಬಗೆ ಸರಳ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಅಣಬೆಯ ಸಾರವನ್ನು ಬೆರೆಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣ ಮಾಸಿದಷ್ಟೂ ಶಕ್ತಿ ಹೆಚ್ಚು. ಆದರೆ ಗಾಜಿನ ನಳಿಕೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ನೆತ್ತರಿಲ್ಲ. ಅಲ್ಲಿ ಗೆದ್ದುದು ದೇಹದಲ್ಲಿಯೂ ಗೆಲ್ಲಲೇಬೇಕೆಂಬ ನಿಯಮವಿಲ್ಲ. ಫಿನ್ಲೆಂಡಿನಲ್ಲಿ ಸುಮಾರು 29,000 ಮಂದಿ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು. ಉತ್ಕರ್ಷಣ ನಿರೋಧಕವೆಂದು ಹೆಸರಾದ ಬೀಟಾ ಕೆರೋಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಹೆಚ್ಚೇ ಆಗಿತ್ತು. ಚೀನೀಯರು ಲಿಂಗ್‌ಝಿ ಎಂದೂ ಜಪಾನೀಯರು ರೇಷಿ ಎಂದೂ ಕರೆಯುವ ಕಹಿ ಅಣಬೆಯನ್ನು ಕುರಿತು 2012ರ ಕಾಕ್ರೇನ್ ಸಮೀಕ್ಷೆಯು, ಅದನ್ನು ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ ಬಳಸಲು ತಕ್ಕ ಆಧಾರವಿಲ್ಲವೆಂದಿತು.

ಮನೆಯಲ್ಲಿ ರೋಗಿ ಮಲಗಿರುವಾಗ ಡಬ್ಬಿಯ ಪುಡಿಗೆ ಎಷ್ಟು ಬೆಲೆಯನ್ನಾದರೂ ತೆರಲು ಬಡವನ ಮನಸ್ಸು ಸಿದ್ಧವಾಗುತ್ತದೆ. ಆಸೆಯೇ ಅಲ್ಲಿ ವ್ಯಾಪಾರದ ಸರಕು. ಪುಡಿಯನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟರೆ ಹಣದೊಡನೆ ಕಾಲವೂ ಕೈಬಿಡುತ್ತದೆ. ಕಳೆದ ಕಾಲವನ್ನು ಯಾವ ಅಣಬೆಯೂ ಮರಳಿಸದು.

ಅಣಬೆಯ ಹಿರಿಮೆ ಇದರಿಂದ ಕುಂದುವುದಿಲ್ಲ. ಹೊಗೆಯಾಗಿ ಹೋಗಬೇಕಾದ ಹುಲ್ಲು ಸಾರುಪಲ್ಯವಾಗಿ ಎಲೆಗೆ ಬಂದು, ಕೂಲಿಕಾರರ ಮಕ್ಕಳಿಗೂ ಒಂದಿಷ್ಟು ಸಸಾರಜನಕ ದೊರೆತರೆ ಅದೇನು ಅಲ್ಪ ಉಪಕಾರವೇ? ಅಣಬೆ ಅಡುಗೆಮನೆಯಲ್ಲಿ ಬೆಳಗಲಿ. ಮದ್ದಿನ ಮಾತನ್ನು ವೈದ್ಯರು ನಿರ್ಣಯಿಸಲಿ.